ಬರಲಿರುವ ಕಾರೂ ಅರವತ್ತು ಕಿಲೋಮೀಟರೂ

ಮೈಸೂರಿನಿಂದ ತೆಂಕಣದ ಕಡೆಗೆ ಹೊರಟ ದಾರಿ ನಂಜನಗೂಡಿನಲ್ಲಿ ಕಪಿಲೆಯನ್ನು ದಾಟಿದ ಮೇಲೆ ಕವಲೊಡೆಯುತ್ತದೆ. ಒಂದು ಕವಲು ಗುಂಡ್ಲುಪೇಟೆಗೆ, ಇನ್ನೊಂದು ಚಾಮರಾಜನಗರಕ್ಕೆ. ಯಾವುದನ್ನು ಹಿಡಿದರೂ ಮೈಸೂರಿನಿಂದ ಆಗುವ ದೂರ ಹೆಚ್ಚುಕಡಿಮೆ ಒಂದೇ, ಅರವತ್ತು ಕಿಲೋಮೀಟರು. ೧೯೯೭ರಲ್ಲಿ ಚಾಮರಾಜನಗರವು ಪ್ರತ್ಯೇಕ ಜಿಲ್ಲೆಯಾಗುವವರೆಗೆ ಈ ಎರಡು ತಾಲ್ಲೂಕುಗಳ ಜನ ಜಿಲ್ಲಾ ಕಚೇರಿಯ ಕಾಗದಪತ್ರಗಳಿಗೂ ದೊಡ್ಡಾಸ್ಪತ್ರೆಗೂ ಮೈಸೂರಿಗೇ ಹೋಗಬೇಕಾಗಿತ್ತು. ಜಿಲ್ಲೆಯಾದ ಮೇಲೂ ಮದುವೆಯ ಜವಳಿಗೆಂದೋ ಮಕ್ಕಳ ಕಾಲೇಜಿಗೆಂದೋ ಹೋಗುವುದು ತಪ್ಪಿಲ್ಲ. ಬೆಳಿಗ್ಗೆ ಹೊರಟು, ಕೆಲಸ ಮುಗಿಸಿಕೊಂಡು, ರಾತ್ರಿಯ ಊಟದ ಹೊತ್ತಿಗೆ ಮನೆ ಸೇರುವುದು ಪದ್ಧತಿ. ಅಲ್ಲಿಗೆ ಹೋಗಿಬರುವ ಲೆಕ್ಕ ನೂರಿಪ್ಪತ್ತಾಯಿತು. ಪೆಟ್ರೋಲು ಕುಡಿಯದ, ಹೊಗೆಯುಗುಳದ, ವಿದ್ಯುಚ್ಛಕ್ತಿಯಿಂದ ಓಡುವ ಕಾರು ಇನ್ನೇನು ಬಂದೇ ಬಿಟ್ಟಿತೆಂಬ ಸುದ್ದಿ ನಮ್ಮಲ್ಲಿ ಎಷ್ಟು ಸಲ ಹುಟ್ಟಿತು, ಪ್ರತಿಸಲವೂ ಎಷ್ಟರಮಟ್ಟಿಗೆ ನಿಜವಾಯಿತು ಎಂಬುದನ್ನು ಅಳೆಯಲು ಈ ಅರವತ್ತರ ಕೋಲಿಗಿಂತ ಒಳ್ಳೆಯ ಅಳತೆಗೋಲು ನನಗೆ ಕಾಣುವುದಿಲ್ಲ.

ಬರಲಿರುವ ಕಾರಿನ ಸುದ್ದಿಗೂ ಒಂದು ಕ್ರಮವುಂಟು. ಕಾರಿಗಿಂತ ಮೊದಲು ಅದರ ಅಂಕಿಗಳು ಬರುತ್ತವೆ. ಒಂದು ಸಲ ಬ್ಯಾಟರಿ ತುಂಬಿಸಿದರೆ ಎಷ್ಟು ದೂರ, ತುಂಬಿಸಲು ಎಷ್ಟು ಹೊತ್ತು, ಬೆಲೆ ಎಷ್ಟು, ಎಂಬ ಮೂರರ ಮೇಲೆ ಮಾತು ಬೆಳೆಯುತ್ತದೆ. ಕೂಸು ಹುಟ್ಟುವುದಕ್ಕೆ ಮುಂಚೆ ಕುಲಾವಿ ಹೊಲಿಸಿದರೆಂಬ ಗಾದೆ ಇಂಥ ಸಂದರ್ಭಕ್ಕೇ ಹುಟ್ಟಿರಬೇಕು. ಆದರೆ ಇದು ಬರಿಯ ಹರಟೆಯೆಂದು ತಳ್ಳಿಹಾಕತಕ್ಕದ್ದಲ್ಲ. ಆ ಮಾತನ್ನು ನಂಬಿ, ಹಳೆಯ ಗಾಡಿಯನ್ನೇ ಇನ್ನೊಂದು ವರ್ಷ ದೂಡೋಣವೆಂದು ಕಾಯುವವರು ಎಲ್ಲ ಊರುಗಳಲ್ಲಿಯೂ ಇರುತ್ತಾರೆ. ಕಾಯುವುದಕ್ಕೂ ಬೆಲೆಯುಂಟು.

ಈ ಕಾಯುವಿಕೆ ನಮ್ಮ ಕಾಲದ್ದೆಂದು ಭಾವಿಸುವವರು ನೂರಿಪ್ಪತ್ತೈದು ವರ್ಷ ಹಿಂದಕ್ಕೆ ನೋಡಬೇಕು. ೧೮೯೯ರ ಏಪ್ರಿಲಿನಲ್ಲಿ ಬೆಲ್ಜಿಯಮ್ಮಿನ ಕಮಿಲ್ ಜೆನಾಟ್ಜಿ ಎಂಬಾತನು ಫ್ರಾನ್ಸಿನಲ್ಲಿ ಗಂಟೆಗೆ ನೂರು ಕಿಲೋಮೀಟರು ಮೀರಿ ಓಡಿಸಿದ್ದು ವಿದ್ಯುತ್ ಕಾರನ್ನು. ಭೂಮಿಯ ಮೇಲೆ ಮೋಟಾರು ಗಾಡಿಯೊಂದು ಆ ವೇಗವನ್ನು ಮುಟ್ಟಿದ್ದು ಅದೇ ಮೊದಲು. ೧೯೦೦ರಲ್ಲಿ ಅಮೆರಿಕದಲ್ಲಿ ತಯಾರಾದ ನಾಲ್ಕು ಸಾವಿರ ಚಿಲ್ಲರೆ ಕಾರುಗಳಲ್ಲಿ ೧,೫೭೫ ವಿದ್ಯುತ್ತಿನವು. ಪೆಟ್ರೋಲಿನವು ಸಾವಿರವನ್ನೂ ಮುಟ್ಟಿರಲಿಲ್ಲ. ಉಳಿದವು ಆವಿಯ ಗಾಡಿಗಳು. ದೌರ್ಬಲ್ಯವಿದ್ದದ್ದು ಬ್ಯಾಟರಿಯಲ್ಲಿ. ಅದನ್ನು ನೀಗುವೆನೆಂದು ಹೊರಟವನು ಥಾಮಸ್ ಎಡಿಸನ್. ಸೀಸಕ್ಕೆ ಬದಲಾಗಿ ನಿಕ್ಕಲ್ ಮತ್ತು ಕಬ್ಬಿಣದ ಬ್ಯಾಟರಿಯನ್ನು ತರುವುದಾಗಿ ಅವನು ಸಾರಿದಾಗ, ಬೆಳಕು ಕೊಟ್ಟವನ ಮಾತು ಸುಳ್ಳಾದೀತೆ ಎಂದು ಲೋಕವೇ ಕಾಯಿತು. ಬ್ಯಾಟರಿ ಮಾರುಕಟ್ಟೆಗೆ ಬಂತು, ಸೋರಿತು, ಅವನೇ ಅದನ್ನು ಹಿಂದಕ್ಕೆ ತೆಗೆದುಕೊಂಡ. ಮತ್ತೆ ತಿದ್ದಿ ಒಳ್ಳೆಯ ಬ್ಯಾಟರಿ ಕೊಟ್ಟದ್ದು ೧೯೦೯ರ ಹೊತ್ತಿಗೆ. ಅಷ್ಟರಲ್ಲಿ ಹೆನ್ರಿ ಫೋರ್ಡನ ಅಗ್ಗದ ಪೆಟ್ರೋಲು ಕಾರು ಬೀದಿಗಿಳಿದಾಗಿತ್ತು. ೧೯೧೨ರಲ್ಲಿ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ ಸ್ಟಾರ್ಟರು ಬಂದು, ಕೈಯಿಂದ ಹ್ಯಾಂಡಲು ತಿರುಗಿಸುವ ಕಷ್ಟವೂ ತಪ್ಪಿತು. ಇಷ್ಟಾದರೂ ೧೯೧೪ರ ಜನವರಿಯಲ್ಲಿ ಫೋರ್ಡ್ ಮತ್ತು ಎಡಿಸನ್ ಕೂಡಿ ಅಗ್ಗದ ವಿದ್ಯುತ್ ಕಾರನ್ನು ತರಲಿದ್ದಾರೆಂದು ಪತ್ರಿಕೆಗಳು ಬರೆದವು. ಆ ಕಾರು ಬರಲೇ ಇಲ್ಲ.

ನಮ್ಮ ಸೀಮೆಗೆ ವಿದ್ಯುಚ್ಛಕ್ತಿಯಾಗಲಿ, ಕಾಯುವುದಾಗಲಿ ಹೊಸದಲ್ಲ. ೧೯೦೨ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ೧೪೭ ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಿಗೆ. ಜಲಪಾತದ ಮೊರೆತ ಕೇಳುವಷ್ಟು ಹತ್ತಿರವಿದ್ದವರು ಸರದಿಯಲ್ಲಿ ಹಿಂದೆ ನಿಂತರು. ರೈಲಿನ ಕಥೆಯೂ ಅಷ್ಟೆ. ೧೯೨೬ರಲ್ಲಿ ನಂಜನಗೂಡಿನಿಂದ ಚಾಮರಾಜನಗರಕ್ಕೆ ಬಂದ ಹಳಿ ಅಲ್ಲಿಯೇ ಮುಗಿಯುತ್ತದೆ. ಅದು ಮುಂದಕ್ಕೆ ಸತ್ಯಮಂಗಲದ ಕಾಡು ದಾಟಿ ಮೆಟ್ಟುಪಾಳ್ಯಕ್ಕೆ ಹೋಗುತ್ತದೆಂಬ ಮಾತನ್ನು ತಾತಂದಿರೂ ಕೇಳಿದ್ದರು, ಮೊಮ್ಮಕ್ಕಳೂ ಕೇಳುತ್ತಿದ್ದಾರೆ.

ಕುತೂಹಲದ ಸಂಗತಿಯೆಂದರೆ, ಭಾರತದ ಮೊದಲ ವಿದ್ಯುತ್ ಕಾರುಗಳಲ್ಲೊಂದು ಆ ಕಾಡಿನ ಆಚೆಯ ಸೆರಗಿನಿಂದಲೇ ಬರಬೇಕಾಗಿತ್ತು. ೧೯೯೩ರಲ್ಲಿ ದೆಹಲಿಯ ಮೋಟಾರು ಪ್ರದರ್ಶನದಲ್ಲಿ 'ಲವ್‌ಬರ್ಡ್' ಎಂಬ ಎರಡು ಸೀಟಿನ ಪುಟ್ಟ ಕಾರನ್ನು ತೋರಿಸಲಾಯಿತು. ಎಡ್ಡಿ ಕರೆಂಟ್ ಕಂಟ್ರೋಲ್ಸ್ ಎಂಬ ಕಂಪನಿ ಜಪಾನಿನ ಯಾಸ್ಕಾವಾ ಕಂಪನಿಯ ನೆರವಿನಿಂದ ಮಾಡಿದ ಕಾರು ಅದು. ಕಾರ್ಖಾನೆಗಳಿದ್ದದ್ದು ಕೇರಳದ ಚಾಲಕುಡಿಯಲ್ಲಿ ಮತ್ತು ಕೊಯಮತ್ತೂರಿನಲ್ಲಿ. ಚಾಮರಾಜನಗರದಿಂದ ದಿಂಬಂ ಘಾಟಿ ಇಳಿದರೆ ಕೊಯಮತ್ತೂರಿನ ದಾರಿಯಲ್ಲವೆ? ಎಂಟು ಗಂಟೆ ಬ್ಯಾಟರಿ ತುಂಬಿಸಿದರೆ ಸುಮಾರು ಅರವತ್ತು ಕಿಲೋಮೀಟರು ಓಡುತ್ತದೆಂದು ಹೇಳಿದ್ದರು. ನಮ್ಮ ಕೋಲಿಗೆ ಸರಿಯಾಗಿ ಅರವತ್ತು! ಚಾಮರಾಜನಗರದಿಂದ ಹೊರಟರೆ ಮೈಸೂರಿನ ಹೊಸ್ತಿಲಲ್ಲಿ ನಿಲ್ಲುವುದು. ಮಾರನೆಯ ದಿನದವರೆಗೆ ಅಲ್ಲಿಯೇ ತಂಗುವುದು. ಹಾಗೆ ತಂಗುವ ಪ್ರಸಂಗವೂ ಬರಲಿಲ್ಲ. ಕೆಲವೇ ಕಾರುಗಳು ಮಾರಾಟವಾಗಿ ಲವ್‌ಬರ್ಡ್ ಕಣ್ಮರೆಯಾಯಿತು.

ಆ ಹೊತ್ತಿಗೆ ಬೆಂಗಳೂರಿನಲ್ಲಿ ಇನ್ನೊಂದು ಸಿದ್ಧತೆ ನಡೆದಿತ್ತು. ಚೇತನ್ ಮೈನಿ ಎಂಬ ತರುಣರು ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಬಿಸಿಲಿನಿಂದ ಓಡುವ 'ಸನ್‌ರನ್ನರ್' ಕಾರನ್ನು ಕಟ್ಟಿದ ವಿದ್ಯಾರ್ಥಿ ತಂಡದಲ್ಲಿದ್ದರು. ೧೯೯೦ರಲ್ಲಿ ಆ ಕಾರು ಅಮೆರಿಕದ ಪಂದ್ಯವನ್ನು ಗೆದ್ದು, ಆಸ್ಟ್ರೇಲಿಯದ ಪಂದ್ಯದಲ್ಲಿ ಮೂರನೆಯದಾಯಿತು. ಮೈನಿ ಮನೆತನವೂ ಕ್ಯಾಲಿಫೋರ್ನಿಯದ ಅಮೆರಿಗಾನ್ ಕಂಪನಿಯೂ ಕೂಡಿ ೧೯೯೪ರಲ್ಲಿ ರೇವಾ ಕಂಪನಿಯನ್ನು ಆರಂಭಿಸಿದವು. ಮೈನಿಯವರ ತಾಯಿಯ ಹೆಸರೂ ರೇವಾ. ಕಾರು ಬೆಂಗಳೂರಿನ ಬೀದಿಗಿಳಿದದ್ದು ೨೦೦೧ರಲ್ಲಿ. ನಡುವೆ ಏಳು ವರ್ಷ! ಊಹೆಗಳು ಕೊಬ್ಬಿ ಬೆಳೆಯಲು ಏಳು ವರ್ಷ ಧಾರಾಳವಾಯಿತು.

ಬಂದ ಮೇಲೆ ಕಂಡದ್ದು ಹೀಗೆ: ಎದುರಿಗೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು ಕೂಡಬಹುದಾದ ಗಾಡಿ, ಸೀಟಿನ ಕೆಳಗೆ ಆರಾರು ವೋಲ್ಟಿನ ಎಂಟು ಸೀಸದ ಬ್ಯಾಟರಿಗಳು, ಎಂಟು ಗಂಟೆ ತುಂಬಿಸಿದರೆ ಎಂಬತ್ತು ಕಿಲೋಮೀಟರು, ಬೆಲೆ ಎರಡೂವರೆ ಲಕ್ಷದ ಆಸುಪಾಸು. ಆಗ ಮಾರುತಿ ೮೦೦ ಅದಕ್ಕಿಂತ ಕಡಿಮೆಗೆ ಸಿಗುತ್ತಿತ್ತು. ವಿದ್ಯುತ್ತು ಬಾರದ ದಿನಗಳಲ್ಲಿ ರೇಡಿಯೋ ಪೆಟ್ಟಿಗೆಗೆ ಬ್ಯಾಟರಿ ಜೋಡಿಸಿ ವಾರ್ತೆ ಕೇಳಿದ ಮನೆತನಗಳಿಗೆ ಸೀಸದ ಬ್ಯಾಟರಿಯ ಸ್ವಭಾವವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹೊಸದಿರುವಾಗ ಚೆನ್ನ, ಪೂರ್ತಿ ಬರಿದಾಗಲು ಬಿಟ್ಟರೆ ಆಯುಸ್ಸು ಕಡಿಮೆ, ಕೆಲವು ವರ್ಷಗಳಿಗೊಮ್ಮೆ ಬದಲಿಸಲೇಬೇಕು.

ಎಂಬತ್ತೆಂದರೆ ಗುಂಡ್ಲುಪೇಟೆಯಿಂದ ಮೈಸೂರು ಸೇರಿ ಇಪ್ಪತ್ತು ಉಳಿಯಿತು. ಹಿಂತಿರುಗಲು ಇನ್ನೂ ನಲವತ್ತು ಬೇಕು. ಮೈಸೂರಿನ ನೆಂಟರ ಮನೆಯ ಪ್ಲಗ್ಗಿಗೆ ಸಿಕ್ಕಿಸಿ ಮಧ್ಯಾಹ್ನವೆಲ್ಲ ಕಾಯಬಹುದು, ವಿದ್ಯುತ್ತು ಇದ್ದರೆ. ವಿದ್ಯುತ್ ಕಡಿತ ದಿನಚರಿಯಾಗಿದ್ದ ವರ್ಷಗಳು ಅವು. ಎಂಟು ಗಂಟೆ ಎಡೆಬಿಡದೆ ವಿದ್ಯುತ್ತು ಬರುವ ಮನೆ ಸಣ್ಣ ಊರುಗಳಲ್ಲಿ ಎಷ್ಟಿದ್ದವು? ಬೆಂಗಳೂರಿನ ಜಯನಗರದಿಂದ ಎಂ.ಜಿ. ರಸ್ತೆಗೆ ಹೋಗಿಬರುವವನಿಗೆ ಎಂಬತ್ತು ಐಶ್ವರ್ಯ. ನಮ್ಮವನಿಗೆ ಅದು ಅರ್ಧ ಸೇತುವೆ.

ಇನ್ನು ಊಟಿಯ ಲೆಕ್ಕ. ಗುಂಡ್ಲುಪೇಟೆಯವರಿಗೆ ಬೇಸಗೆಯಲ್ಲಿ ಊಟಿಯೆಂದರೆ ಹಿತ್ತಲಿದ್ದಂತೆ. ಬಂಡೀಪುರ, ತೆಪ್ಪಕಾಡು, ಮಸಿನಗುಡಿಯ ಮೇಲೆ ಹೋದರೆ ಎಪ್ಪತ್ತು ಕಿಲೋಮೀಟರಿನ ಹತ್ತಿರ. ಆದರೆ ಊಟಿ ಗುಂಡ್ಲುಪೇಟೆಗಿಂತ ಸುಮಾರು ಸಾವಿರದ ನಾನೂರು ಮೀಟರು ಎತ್ತರದಲ್ಲಿದೆ. ಕೊನೆಯ ಕಲ್ಲಟ್ಟಿ ಘಾಟಿಯಲ್ಲಿ ಮೂವತ್ತಾರು ತಿರುವುಗಳು. ಇಬ್ಬರನ್ನು ಹೊತ್ತ ರೇವಾ ಒಂಬತ್ತು ನೂರು ಕಿಲೋಗ್ರಾಮು ತೂಗುತ್ತದೆನ್ನೋಣ. ಅಷ್ಟು ಭಾರವನ್ನು ಅಷ್ಟು ಎತ್ತರಕ್ಕೆ ಏರಿಸುವುದಕ್ಕೇ ಮೂರೂವರೆ ಯೂನಿಟ್ಟು ವಿದ್ಯುತ್ತು ಬೇಕು. ಮನೆಯ ಮೀಟರಿನಲ್ಲಿ ಓಡುವ ಯೂನಿಟ್ಟೇ ಅದು. ಸಮತಟ್ಟಿನಲ್ಲಿ ಎಪ್ಪತ್ತು ಕಿಲೋಮೀಟರು ಓಡುವುದಕ್ಕೆ ಎಂಟೂವರೆ ಯೂನಿಟ್ಟು ಬೇರೆ. ಒಟ್ಟು ಹನ್ನೆರಡಾಯಿತು. ಬ್ಯಾಟರಿಗಳಲ್ಲಿರುವುದು ಹತ್ತಕ್ಕೂ ಸ್ವಲ್ಪ ಕಡಿಮೆ! ಇಳಿಯುವಾಗ ಮೋಟಾರೇ ಡೈನಮೋ ಆಗಿ ಒಂದಿಷ್ಟು ಶಕ್ತಿಯನ್ನು ಬ್ಯಾಟರಿಗೆ ಮರಳಿಸುವ ಏರ್ಪಾಟು ರೇವಾದಲ್ಲಿತ್ತು, ಅದು ನಿಜವಾಗಿ ಮೆಚ್ಚತಕ್ಕ ಯುಕ್ತಿ. ಆದರೆ ಇಳಿಯಬೇಕಾದರೆ ಮೊದಲು ಹತ್ತಿರಬೇಕು. ಎಂಬತ್ತು ಎಂಬ ಅಂಕಿಯಲ್ಲಿ ಸುಳ್ಳಿರಲಿಲ್ಲ. ಆ ಅಂಕಿಗೆ ಘಾಟಿಯ ಪರಿಚಯವಿರಲಿಲ್ಲ, ಅಷ್ಟೆ.

ಲಂಡನ್ನಿನಲ್ಲಿ ರೇವಾಕ್ಕೆ ಬೇರೆ ಯೋಗವಿತ್ತು. ಅಲ್ಲಿ ೨೦೦೩ರಿಂದ ನಗರದ ನಡುಭಾಗಕ್ಕೆ ಕಾರು ತಂದವರು ದಿನಕ್ಕೆ ಐದು ಪೌಂಡು ಸುಂಕ ತೆರಬೇಕಾಯಿತು. ವಿದ್ಯುತ್ ಕಾರಿಗೆ ವಿನಾಯಿತಿ. 'ಜೀ-ವಿಜ್' ಎಂಬ ಹೆಸರಿನಲ್ಲಿ ಬೆಂಗಳೂರಿನ ಕಾರು ಅಲ್ಲಿ ಓಡಿತು. ಒಟ್ಟಿನಲ್ಲಿ ತಯಾರಾದದ್ದು ನಾಲ್ಕು ಸಾವಿರಕ್ಕೂ ಹೆಚ್ಚು.

ಊಹಾಪೋಹಗಳಿಗೆ ನಿಜವಾದ ಸುಗ್ಗಿ ಬಂದದ್ದು ಮುಂದಿನ ಕಾರಿನ ಕಾಲದಲ್ಲಿ. ೨೦೦೯ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ರೇವಾ ಕಂಪನಿ 'ಎನ್‌ಎಕ್ಸ್‌ಆರ್' ಎಂಬ ಹೊಸ ಕಾರಿನ ಮಾದರಿಯನ್ನು ತೋರಿಸಿತು. ಸೀಸ ಹೋಗಿ ಲಿಥಿಯಂ ಬ್ಯಾಟರಿ ಬಂದಿತ್ತು, ನಾಲ್ವರು ಕೂಡಬಹುದಿತ್ತು. ೨೦೧೦ರ ಮೇ ತಿಂಗಳಲ್ಲಿ ಕಂಪನಿಯ ಹೆಚ್ಚಿನ ಪಾಲನ್ನು ಮಹೀಂದ್ರ ಸಂಸ್ಥೆ ಕೊಂಡಿತು. ದೊಡ್ಡ ಮನೆಗೆ ಸೇರಿದ ಸೊಸೆಯಂತೆ ಕಾರಿನ ಮೇಲೆ ಎಲ್ಲರ ಕಣ್ಣೂ ಬಿತ್ತು. ಬೆಲೆ ಮೂರು ಲಕ್ಷವೆಂದವರುಂಟು, ಐದೆಂದವರುಂಟು. ಈ ದೀಪಾವಳಿಗೆಂದವರುಂಟು, ಮುಂದಿನ ಯುಗಾದಿಗೆಂದವರುಂಟು. ಬೆಲೆ ನಿಜವಾಗಿ ತೂಗುತ್ತಿದ್ದದ್ದು ದೆಹಲಿಯ ಸಹಾಯಧನದಲ್ಲಿ. ೨೦೧೦ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ವಿದ್ಯುತ್ ವಾಹನಗಳಿಗೆ ಸಹಾಯಧನ ಘೋಷಿಸಿತು. ೨೦೧೨ರ ಮಾರ್ಚಿಗೆ ಅದರ ಅವಧಿ ತೀರಿತು. ಕಾರು ಇನ್ನೂ ಬಂದಿರಲಿಲ್ಲ. ಅದೇ ವರ್ಷ ಆಗಸ್ಟಿನಲ್ಲಿ ಬೊಮ್ಮಸಂದ್ರದಲ್ಲಿ ವರ್ಷಕ್ಕೆ ಮೂವತ್ತು ಸಾವಿರ ಕಾರು ಮಾಡಬಲ್ಲ ಕಾರ್ಖಾನೆ ತೆರೆಯಿತು. ಕೊನೆಗೆ ೨೦೧೩ರ ಮಾರ್ಚಿನಲ್ಲಿ 'ಈ-ಟು-ಓ' ಎಂಬ ಹೊಸ ಹೆಸರಿನಿಂದ ಕಾರು ಹೊರಬಂದಿತು. ದೆಹಲಿಯಲ್ಲಿ, ಅಲ್ಲಿನ ಸರ್ಕಾರದ ರಿಯಾಯಿತಿ ಕಳೆದು, ೫.೯೬ ಲಕ್ಷ. ದೂರ ನೂರು ಕಿಲೋಮೀಟರು.

ಕೋಲಿನಿಂದ ಅಳೆಯೋಣ. ನೂರು ಎಂದರೆ ಚಾಮರಾಜನಗರದಿಂದ ಮೈಸೂರಿಗೆ ಹೋಗಿ, ಹಿಂತಿರುಗಿ ಊರಿಗೆ ಇನ್ನಿಪ್ಪತ್ತು ಇರುವಾಗ ನಿಲ್ಲುವುದು. ದಾರಿಯ ಕತ್ತಲಲ್ಲಿ ನಿಲ್ಲುವುದಕ್ಕೆ ಆರು ಲಕ್ಷ ಕೊಡುವ ಧೈರ್ಯ ಯಾರಿಗೆ? ಮೂವತ್ತು ಸಾವಿರದ ಕಾರ್ಖಾನೆ ಅದರ ಸಣ್ಣ ಪಾಲನ್ನೂ ಮಾರಲಾರದೆ ಹೋದದ್ದಕ್ಕೆ ಹಲವು ಕಾರಣ ಹೇಳುತ್ತಾರೆ. ಈ ಇಪ್ಪತ್ತು ಕಿಲೋಮೀಟರು ಅವುಗಳಲ್ಲೊಂದೆಂದು ನನ್ನ ಎಣಿಕೆ. ೨೦೧೬ರಲ್ಲಿ 'ಈ-ಟು-ಓ ಪ್ಲಸ್' ಬಂದಾಗ ಅದರ ಮೇಲುತರಗತಿಯ ಕಾರಿಗೆ ನೂರನಲವತ್ತು ಎಂದು ಬರೆದಿತ್ತು. ಕಾಗದದ ಮೇಲಾದರೂ ನೂರಿಪ್ಪತ್ತು ದಾಟಿತು! ಆದರೆ ಅಷ್ಟು ಹೊತ್ತಿಗೆ ಆ ಕಾರಿನ ಆಯುಸ್ಸು ತೀರುತ್ತ ಬಂದಿತ್ತು. ೨೦೧೭ರಲ್ಲಿ ಕರ್ನಾಟಕ ಸರ್ಕಾರ ವಿದ್ಯುತ್ ವಾಹನಗಳಿಗೆಂದೇ ನೀತಿಯೊಂದನ್ನು ಪ್ರಕಟಿಸಿತು. ದೇಶದ ರಾಜ್ಯಗಳಲ್ಲಿ ಅದೇ ಮೊದಲು. ೨೦೨೦ರ ಜನವರಿಯಲ್ಲಿ ಬಂದ ಟಾಟಾ ನೆಕ್ಸಾನ್ ಪರೀಕ್ಷಾಲಯದ ಲೆಕ್ಕದಲ್ಲಿ ಮುನ್ನೂರ ಹನ್ನೆರಡು ಕಿಲೋಮೀಟರು ಓಡಿತು. ರಸ್ತೆಯ ಮೇಲೆ ಮೂರರಲ್ಲೊಂದು ಭಾಗ ಕಳೆದುಕೊಂಡರೂ ಹೋಗಿಬರುವುದಕ್ಕೆ ಯಥೇಚ್ಛ. ರೇವಾ ಕಂಪನಿ ಹುಟ್ಟಿದ ದಿನದಿಂದ ಎಣಿಸಿದರೆ ಇದಕ್ಕೆ ಇಪ್ಪತ್ತೈದು ವರ್ಷ ಹಿಡಿಯಿತು.

ಸುದ್ದಿಯ ಅಂಗಡಿ ಮುಚ್ಚಿಲ್ಲ. ೨೦೨೨ರ ಸ್ವಾತಂತ್ರ್ಯ ದಿನದಂದು ಬೆಂಗಳೂರಿನ ಓಲಾ ಕಂಪನಿ, ಐನೂರು ಕಿಲೋಮೀಟರು ಓಡುವ ಕಾರನ್ನು ೨೦೨೪ರಲ್ಲಿ ಕೊಡುವುದಾಗಿ ಸಾರಿತು. ೨೦೨೪ ಕಾರಿಲ್ಲದೆಯೇ ಕಳೆಯಿತು. ಐನೂರಾದರೆ ಮೈಸೂರಿಗೆ ನಾಲ್ಕು ಸಲ ಹೋಗಿಬರಬಹುದಾಗಿತ್ತು!

ನಮ್ಮ ಕಡೆಯವರ ಪ್ರಶ್ನೆ ಈಗ ದೂರದಿಂದ ಹೊತ್ತಿನ ಕಡೆಗೆ ಸರಿದಿದೆ. ಬಂಡೀಪುರದ ಕಾಡಿನೊಳಗೆ ಹಾಯುವ ಊಟಿಯ ದಾರಿಯೂ ಸುಲ್ತಾನ್ ಬತ್ತೇರಿಯ ದಾರಿಯೂ ೨೦೦೯ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಮುಚ್ಚಿರುತ್ತವೆ. ಆಂಬುಲೆನ್ಸಿಗೂ ಗೊತ್ತಾದ ಕೆಲವು ಬಸ್ಸುಗಳಿಗೂ ಮಾತ್ರ ಬಿಡುವು. ದಿಂಬಂ ಘಾಟಿಯಲ್ಲಿಯೂ ೨೦೨೨ರಿಂದ ರಾತ್ರಿಯ ಸಂಚಾರಕ್ಕೆ ನಿರ್ಬಂಧ. ಕಾಡಾನೆ, ಹುಲಿ, ಜಿಂಕೆಗಳ ದೃಷ್ಟಿಯಿಂದ ಇದು ಬೇಕಾದ ಕಟ್ಟಳೆಯೇ. ಆದರೆ ಬೆಂಗಳೂರಿನಿಂದ ಬತ್ತೇರಿಗೆ ಹೊರಟ ವಿದ್ಯುತ್ ಕಾರು ಸಂಜೆ ಏಳೂವರೆಗೆ ಗುಂಡ್ಲುಪೇಟೆ ಸೇರಿ, ಬ್ಯಾಟರಿ ತುಂಬಿಸಲು ನಿಂತಿತೆನ್ನಿ. ಒಂಬತ್ತರೊಳಗೆ ಚೆಕ್‌ಪೋಸ್ಟು ದಾಟದಿದ್ದರೆ ಬೆಳಿಗ್ಗೆ ಆರರವರೆಗೆ ಅಲ್ಲಿಯೇ ಬಿಡಾರ. ಅವಸರದ ಚಾರ್ಜಿಗೆ ಮುಕ್ಕಾಲು ಗಂಟೆ ಸಾಕಾದರೆ ಕಾರು ಆಚೆ. ಮುಂದೆ ಇನ್ನೊಂದು ಕಾರು ಸರದಿಯಲ್ಲಿದ್ದರೆ ಈಚೆ.