ಕ್ಲೂನಿ ಮಠದ ದಾನಪತ್ರ

ಫ್ರಾನ್ಸಿನ ಬರ್ಗಂಡಿ ಸೀಮೆಯ ಕ್ಲೂನಿ ಮಠದ ಇತಿಹಾಸವು ಒಂದು ದಾನಪತ್ರದಿಂದ ಆರಂಭವಾಗುತ್ತದೆ. ಅಕ್ವಿಟೇನಿನ ಡ್ಯೂಕ್ ವಿಲಿಯಂ 910ರಲ್ಲಿ ತನ್ನ ಭೂಮಿಯನ್ನು ಸಂತ ಬೆನೆಡಿಕ್ಟನ ನಿಯಮವನ್ನು ಪಾಲಿಸುವ ಸನ್ಯಾಸಿಗಳಿಗೆ ಒಪ್ಪಿಸಿದನು. ದಾನಿಯ ಮನೆತನವೇ ಮಠದ ಮೇಲೆ ಹಿಡಿತವಿಟ್ಟುಕೊಳ್ಳುವುದು ಅಂದು ಸಾಮಾನ್ಯವಾಗಿತ್ತು. ವಿಲಿಯಂ ಆ ಹಕ್ಕನ್ನು ತನಗಾಗಲಿ ತನ್ನ ಬಂಧುಗಳಿಗಾಗಲಿ ಉಳಿಸಿಕೊಳ್ಳಲಿಲ್ಲ. ಅರಸನಾಗಲಿ, ಬಿಷಪ್ಪನಾಗಲಿ, ಸ್ವತಃ ಪೋಪನೇ ಆಗಲಿ ಮಠದ ಆಸ್ತಿಯನ್ನು ಅಪಹರಿಸಕೂಡದೆಂದು ಬರೆಯಿಸಿದನು. ಮೊದಲ ಮಠಾಧಿಪತಿ ಬೆರ್ನೋನ ತರುವಾಯ ಉತ್ತರಾಧಿಕಾರಿಯನ್ನು ಸನ್ಯಾಸಿಗಳೇ ಆರಿಸಬೇಕೆಂದೂ ವಿಧಿಸಿದನು.

ಈ ಸ್ವಾತಂತ್ರ್ಯವೇ ಮಠದ ಏಳಿಗೆಗೆ ಆಧಾರವಾಯಿತು. 994ರಿಂದ 1109ರವರೆಗಿನ ದೀರ್ಘಾವಧಿಯಲ್ಲಿ ಓಡಿಲೋ, ಹ್ಯೂ ಎಂಬ ಇಬ್ಬರೇ ಅಧಿಪತಿಗಳು. ನೂರಾರು ಶಾಖಾಮಠಗಳು ಕ್ಲೂನಿಗೆ ಅಧೀನವಾದವು. 1088ರಲ್ಲಿ ಹ್ಯೂ ಆರಂಭಿಸಿದ ದೇವಾಲಯದ ಉದ್ದ ಸುಮಾರು 187 ಮೀಟರ್. ರೋಮಿನಲ್ಲಿ ಸಂತ ಪೀಟರನ ಈಗಿನ ದೇವಾಲಯ ಏಳುವವರೆಗೆ ಕ್ರೈಸ್ತ ಜಗತ್ತಿನಲ್ಲಿ ಅದಕ್ಕಿಂತ ದೊಡ್ಡದು ಇರಲಿಲ್ಲ.

ತ್ಯಾಗಿಗಳ ನೆಲೆಯಲ್ಲಿ ಸಂಪತ್ತು ಕೂಡಿದಾಗ ಪ್ರಶ್ನೆಯೂ ಎದ್ದಿತು. ಸಿಸ್ಟರ್ಸಿಯನ್ ಪಂಥದ ಬರ್ನಾರ್ಡನು ಕ್ಲೂನಿಯವರ ಊಟ, ಉಡುಗೆ, ಶಿಲ್ಪಾಲಂಕಾರಗಳನ್ನು ಕಟುವಾಗಿ ಟೀಕಿಸಿದನು. ಅದೇ ಬರ್ನಾರ್ಡನ ವಿರೋಧಕ್ಕೆ ಗುರಿಯಾಗಿ ಖಂಡನೆಗೊಳಗಾದ ದಾರ್ಶನಿಕ ಅಬೆಲಾರ್ಡನಿಗೆ ಕ್ಲೂನಿಯ ಅಧಿಪತಿ ಪೀಟರ್ ಆಶ್ರಯವಿತ್ತನು. ಕುರಾನನ್ನು ಲ್ಯಾಟಿನ್ನಿಗೆ ಅನುವಾದಿಸುವಂತೆ ಮಾಡಿದವನೂ ಇವನೇ. ಆ ಕಾರ್ಯ 1143ರಲ್ಲಿ ಮುಗಿಯಿತು. ಉದ್ದೇಶ ಪರಮತ ಖಂಡನೆಯೇ ಆಗಿದ್ದರೂ, ಖಂಡಿಸುವ ಮುನ್ನ ಮೂಲವನ್ನು ಓದಬೇಕೆಂಬ ವಿವೇಕ ಅದರಲ್ಲಿತ್ತು.

ಫ್ರೆಂಚ್ ಕ್ರಾಂತಿಯು ಮಠವನ್ನು ಮುಚ್ಚಿಸಿತು. 1798ರಲ್ಲಿ ಮಾರಾಟವಾದ ದೇವಾಲಯವನ್ನು ಕಲ್ಲುಗಳಿಗಾಗಿ ಕೆಡವಲಾಯಿತು. ಇಂದು ಅಲ್ಲಿರುವುದು ದಕ್ಷಿಣ ಪಾರ್ಶ್ವದ ಒಂದಿಷ್ಟು ಭಾಗ ಮತ್ತು ಗಂಟೆಗೋಪುರ ಮಾತ್ರ. ವಿಲಿಯಂ ಬರೆಯಿಸಿದ ದಾನಪತ್ರವು ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಇಂದಿಗೂ ಉಳಿದಿದೆ.