ಲೂಸಿಯಾ: ಸ್ವೀಡನ್ನಿನ ದೀರ್ಘ ರಾತ್ರಿಯ ಹಬ್ಬ

ಸ್ವೀಡನ್ನಿನಲ್ಲಿ ಡಿಸೆಂಬರ್ 13 ಲೂಸಿಯಾ ದಿನ. ಹೆಸರು ಸಿಸಿಲಿಯ ಸಿರಾಕ್ಯೂಸಿನ ಸಂತಳದು. ಆಚರಣೆಯ ಜೀವಾಳ ಮಾತ್ರ ಉತ್ತರದ ಕತ್ತಲೆ. ಮಧ್ಯಯುಗದ ಜೂಲಿಯನ್ ಪಂಚಾಂಗದಲ್ಲಿ ವರ್ಷದ ಅತಿ ದೀರ್ಘ ರಾತ್ರಿ ಈ ದಿನದ ಆಸುಪಾಸಿನಲ್ಲೇ ಬರುತ್ತಿತ್ತು. 1753ರಲ್ಲಿ ದೇಶ ಗ್ರೆಗೋರಿಯನ್ ಪಂಚಾಂಗಕ್ಕೆ ಬಂದರೂ ಜನರ ನಂಬಿಕೆ ಹಳೆಯ ತಾರೀಖನ್ನು ಬಿಡಲಿಲ್ಲ.

ಬಿಳಿ ಉಡುಪಿನ ಲೂಸಿಯಾಳ ಮೊದಲ ದಾಖಲೆ 1764ರದು, ವೆಸ್ಟರ್‌ಯೋಟ್‌ಲಾಂಡಿನ ಸಿರಿವಂತರ ಮನೆಯೊಂದರದು. 1927ರಲ್ಲಿ ಸ್ಟಾಕ್‌ಹೋಮಿನ ಪತ್ರಿಕೆಯೊಂದು ನಗರಕ್ಕೊಬ್ಬ ಲೂಸಿಯಾಳನ್ನು ಆರಿಸುವ ಸ್ಪರ್ಧೆ ನಡೆಸಿತು. ಇಂದಿನ ರೂಪದ ಮೆರವಣಿಗೆ ಆಮೇಲೆ ಊರೂರಿಗೆ ಹಬ್ಬಿತು. ದೀಪ ಆರಿಸಿದ ಕೋಣೆಗೆ ಸೊಂಟಕ್ಕೆ ಕೆಂಪು ಪಟ್ಟಿ ಕಟ್ಟಿ, ತಲೆಯ ಮೇಲೆ ಉರಿಯುವ ಮೇಣದಬತ್ತಿಗಳ ಕಿರೀಟ ಹೊತ್ತ ಹುಡುಗಿ ಮೆಲ್ಲನೆ ಹಾಡುತ್ತ ಬರುವ ಆ ಗಳಿಗೆಗೆ ಸಾಟಿಯಿಲ್ಲ. ಹಾಡಿನ ಧಾಟಿ ಮಾತ್ರ ನೇಪಲ್ಸಿನದು.

ವಲಸೆ ಬಂದು ಸ್ವೀಡಿಷ್ ಕಲಿಯುವವರಿಗೆ ಈ ಹಬ್ಬವೇ ಒಳ್ಳೆಯ ಪಾಠ. ‘ಯೂಸ್’ ಎಂದರೆ ಬೆಳಕೂ ಹೌದು, ಮೇಣದಬತ್ತಿಯೂ ಹೌದು. ‘ಲುಸ್ಸೆಕಟ್’ ಎಂಬ ಪದದ ಕೊನೆಯಲ್ಲಿರುವುದು ಬೆಕ್ಕು. ತಟ್ಟೆಯಲ್ಲಿರುವುದು ಕೇಸರಿ ಬೆರೆಸಿದ ಹಳದಿ ಬನ್ನು, ಎರಡೂ ತುದಿ ಸುರುಳಿ ಸುತ್ತಿ, ಸುರುಳಿಯ ನಡುವೆ ಒಂದೊಂದು ಒಣದ್ರಾಕ್ಷಿ ಒತ್ತಿದ್ದು. ಕೇಸರಿಯ ಪರಿಮಳ ಇರಾನಿನವರಿಗೂ ಭಾರತದವರಿಗೂ ಮೊದಲೇ ಗೊತ್ತು. ಅವರು ಹೊಸದಾಗಿ ಕಲಿಯಬೇಕಾದದ್ದು ಹೆಸರನ್ನಷ್ಟೇ.