ಆನಾ ಮೆಂಡಿಯೆಟಾ ಕೃತಿಗಳಲ್ಲಿ ಹೆಣ್ಣು ಮತ್ತು ಮರ

ಕ್ಯೂಬಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಕಲಾವಿದೆ ಆನಾ ಮೆಂಡಿಯೆಟಾ (1948–1985) ಬಗ್ಗೆ ಬರೆದವರಲ್ಲಿ ಹಲವರು ‘ಹೆಣ್ಣೆಂದರೆ ಪ್ರಕೃತಿ’ ಎಂಬ ಸೂತ್ರಕ್ಕೆ ಬಂದು ನಿಲ್ಲುತ್ತಾರೆ. ಕೃತಿಗಳಲ್ಲಿನ ಗಿಡಮರಗಳನ್ನು ಒಂದೊಂದಾಗಿ ನೋಡಿದರೆ ಈ ಸೂತ್ರ ಸಾಲದು.

1973ರಲ್ಲಿ ಮೆಕ್ಸಿಕೋದ ಯಾಗುಲ್‌ನಲ್ಲಿ, ಸಪೋಟೆಕ್ ಜನರ ಹಳೆಯ ಗೋರಿಯೊಂದರಲ್ಲಿ ಅವರು ಬೆತ್ತಲೆ ಮಲಗಿ ಬಿಳಿ ಹೂಗಳನ್ನು ಮೈತುಂಬ ಹರಡಿಸಿಕೊಂಡರು. ಮುಖ ಕಾಣುವುದಿಲ್ಲ. ಹೂವಿನ ದಂಟುಗಳು ತೋಳಿನ ಬದಿಯಿಂದ, ಕಾಲುಗಳ ನಡುವಿನಿಂದ ಎದ್ದಿವೆ. ಹೊದಿಸಿದಂತಲ್ಲ, ಮೈಯಿಂದಲೇ ಮೊಳೆತಂತಿವೆ. 1976ರ ‘ಜೀವವೃಕ್ಷ’ದಲ್ಲಿ ಮೈಗೆಲ್ಲ ಕೆಸರು, ಹುಲ್ಲು ಮೆತ್ತಿಕೊಂಡು, ಎರಡೂ ಕೈ ಮೇಲೆತ್ತಿ, ಅಯೋವಾದ ಹಳ್ಳವೊಂದರ ಬಳಿ ದೊಡ್ಡ ಮರದ ಬೊಡ್ಡೆಗೆ ಬೆನ್ನು ಕೊಟ್ಟು ನಿಂತಿದ್ದಾರೆ. ಬಹಳ ಸಲ ಅಚ್ಚಾದ ಚಿತ್ರವಿದು. ಆದರೆ ಇಲ್ಲಿ ಮರ ಯಾವುದಾದರೂ ನಡೆಯುತ್ತಿತ್ತು.

1981ರ ‘ಸೀಬಾ ಫೆಟಿಶ್’ ಹಾಗಲ್ಲ. ಮಯಾಮಿಯ ಲಿಟಲ್ ಹವಾನಾ ಬಡಾವಣೆಯಲ್ಲಿ, ಬೆಳೆದು ನಿಂತ ಸೀಬಾ ಮರದ ಕಾಂಡಕ್ಕೆ ಮನುಷ್ಯರ ಕೂದಲು ಅಂಟಿಸಿ ಅವರು ಹೆಣ್ಣಿನ ಆಕೃತಿ ಮೂಡಿಸಿದರು. ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರು ಕ್ಯೂಬಾದಲ್ಲಿ ಉಳಿಸಿ ಬೆಳೆಸಿದ ಸಾಂತೆರಿಯಾ ಪಂಥಕ್ಕೆ ಸೀಬಾ ಪವಿತ್ರ. ಅದನ್ನು ಸುಮ್ಮನೆ ಕಡಿಯುವಂತಿಲ್ಲ. (ದಿಂಬಿಗೆ ಅರಳೆ ಕೊಡುವ ನಮ್ಮ ಬಿಳಿ ಬೂರುಗವೂ ಇದೇ ಮರ. ಒಂದು ಕಡೆ ದೇವರು, ಇನ್ನೊಂದು ಕಡೆ ಹಾಸಿಗೆಯ ಸಾಮಗ್ರಿ!) ಕ್ಯೂಬಾದ ಜಾನಪದ ಸಂಶೋಧಕಿ ಲಿಡಿಯಾ ಕಬ್ರೇರಾ 1954ರ ‘ಎಲ್ ಮೊಂತೆ’ ಪುಸ್ತಕದಲ್ಲಿ ಸಾಂತೆರಿಯಾದ ಈ ನಂಬಿಕೆಗಳನ್ನು ವಿವರವಾಗಿ ದಾಖಲಿಸಿದ್ದಾರೆ. ಕಬ್ರೇರಾ ಬರಹಗಳು ಮೆಂಡಿಯೆಟಾಗೆ ಪರಿಚಿತವಾಗಿದ್ದವು.

ಗಮನಿಸಬೇಕಾದದ್ದು, ಇಲ್ಲಿ ಕಲಾವಿದೆಯ ಸ್ವಂತ ದೇಹವಿಲ್ಲ. ಕೂದಲು ಕ್ಷೌರದಂಗಡಿಗಳಿಂದ ತಂದದ್ದು. ಹನ್ನೆರಡರ ವಯಸ್ಸಿನಲ್ಲಿ, 1961ರಲ್ಲಿ, ತಂದೆತಾಯಿಯನ್ನು ಬಿಟ್ಟು ಅಕ್ಕನೊಂದಿಗೆ ಅಮೆರಿಕಕ್ಕೆ ಬಂದ ಮೆಂಡಿಯೆಟಾ ತಮ್ಮಂತೆಯೇ ದೇಶ ಬಿಟ್ಟು ಬಂದವರು ನೆಲೆಸಿದ್ದ ಬಡಾವಣೆಯನ್ನೇ ಆರಿಸಿಕೊಂಡರು ಎಂಬುದು ಆಕಸ್ಮಿಕವಿರಲಾರದು. ಮುಂದೆ ಆ ಮರಕ್ಕೆ ನಡೆದುಕೊಳ್ಳುವವರು ಆಕೃತಿಗೂ ಕಾಣಿಕೆ ಇಟ್ಟರು. ಅಂದರೆ ಶಕ್ತಿ ಮರದ್ದು, ಅದನ್ನು ನಂಬಿದವರದ್ದು. ಹೆಣ್ಣಿನ ಆಕೃತಿ ಅದರ ಆಸರೆ ಪಡೆಯಿತು. ‘ಭೂತಾಯಿ’ ಎಂಬ ಒಂದೇ ಹಣೆಪಟ್ಟಿ ಹಚ್ಚಿದರೆ ಈ ಸಂಬಂಧವೇ ಮರೆಯಾಗುತ್ತದೆ.

‘ಜೀವವೃಕ್ಷ’ ನೋಡಲು ಹೆಚ್ಚು ಸೊಗಸು. ಆದರೆ ಸಸ್ಯದ ಶಕ್ತಿ ಎಲ್ಲಿಂದ ಬರುತ್ತದೆ ಎಂದು ಕೇಳುವವರಿಗೆ ‘ಸೀಬಾ ಫೆಟಿಶ್’ ಹೆಚ್ಚು ಗಟ್ಟಿಯಾದ ಕೃತಿ.